ಕೊಳ್ಳದೆ ಬಿಟ್ಟ ಹೈಬ್ರಿಡ್ ಕಾರು

ಹಳೆಯ ಹೈಬ್ರಿಡ್ ಕಾರೊಂದನ್ನು ಕೊಳ್ಳುವ ಮಾತು ನಮ್ಮ ಮನೆಯಲ್ಲಿ ಇಡೀ ಒಂದು ದ್ರಾಕ್ಷಿ ಸುಗ್ಗಿಯುದ್ದಕ್ಕೂ ನಡೆಯಿತು. ಆಗ ನಾನು ಸಂಭಾಜಿನಗರದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದೆ. ಊರನ್ನು ಎಲ್ಲರೂ ಇನ್ನೂ ಔರಂಗಾಬಾದ್ ಎನ್ನುತ್ತಿದ್ದ ಕಾಲ. ನನ್ನ ಯಜಮಾನರು ನಾಶಿಕದ ಹತ್ತಿರ, ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್. ಇಬ್ಬರೂ ಧಾರವಾಡದವರು. ಮಗಳು ನನ್ನ ಬಳಿಯಿದ್ದಳು, ಆಗಷ್ಟೇ ಬಾಲವಾಡಿಗೆ ಹೋಗತೊಡಗಿದ್ದಳು. ಅವರಿಗೂ ನಮಗೂ ನಡುವೆ ನಾಲ್ಕು ತಾಸಿನ ದಾರಿ.

ಮೊದಮೊದಲು ಅವರು ವಾರವಾರವೂ ಬರುತ್ತಿದ್ದರು. ನಮ್ಮ ಹಳೆಯ ಕಾರೋ, ಎಮ್ಮೆ ನೀರು ಕುಡಿದ ಹಾಗೆ ಪೆಟ್ರೋಲು ಕುಡಿಯುತ್ತಿತ್ತು. ಬಸ್ಸಿಗೆ ಅವರ ಸೊಂಟ ಒಪ್ಪುತ್ತಿರಲಿಲ್ಲ. ಧಾರವಾಡದಲ್ಲಿ ಮನೆ ಕಟ್ಟಿಸಲು ಕೈ ಹಾಕಿದ್ದೆವು, ಉಳಿದದ್ದೆಲ್ಲ ಅದಕ್ಕೇ ಹೋಗುತ್ತಿತ್ತು. ಹಾಗಾಗಿ ವಾರಕ್ಕೊಮ್ಮೆ ಎನ್ನುವುದು ಹದಿನೈದು ದಿನಕ್ಕೊಮ್ಮೆಯಾಗಿ, ಕೊನೆಗೆ ತಿಂಗಳಿಗೊಮ್ಮೆಗೆ ಬಂದು ನಿಂತಿತು. ಬರುವಾಗ ನಿಫಾಡ್‌ನಲ್ಲಿ ಇಳಿದು ಮಗಳಿಗೆ ದ್ರಾಕ್ಷಿ ತರುತ್ತಿದ್ದರು.

ಒಮ್ಮೆ ದ್ರಾಕ್ಷಿಯ ಜೊತೆ ಸುದ್ದಿಯನ್ನೂ ತಂದರು. ನಮ್ಮೂರಿನ ಪಕ್ಕದ ವಾಳೂಜ್‌ನ ಕಾರ್ಖಾನೆಯೊಂದರ ಮ್ಯಾನೇಜರ್ ತಮ್ಮ ಹೈಬ್ರಿಡ್ ಕಾರನ್ನು ಮಾರುತ್ತಿದ್ದಾರಂತೆ. ಪೆಟ್ರೋಲೂ ಇದೆ, ಬ್ಯಾಟರಿಯೂ ಇದೆ.

"ಪೆಟ್ರೋಲ್ ಅರ್ಧಾ ಉಳದ್ರ ಮತ್ತ ವಾರಾ ವಾರಾ ಬರಬಹುದು ನೋಡು" ಎಂದರು.

ನನಗೆ ಎದೆ ತುಂಬಿ ಬಂತು. ಆದರೆ ನಾನೂ ಬ್ಯಾಂಕಿನವಳು, ಬಾಯಿಗೆ ಬಂದದ್ದು ಬೇರೆಯೇ. "ಬ್ಯಾಟರಿ ಕೆಟ್ರ ಏನ್ ಮಾಡ್ತೀರಿ? ಅದರ ರೇಟ್ ಕೇಳೀರೇನು? ಮೂಗಿಗಿಂತ ಮೂಗುತಿ ಭಾರ ಆದೀತ್ರಿ."

ಅವರ ಕಾರ್ಖಾನೆಯಲ್ಲಿ ಒಂದು ರೂಢಿಯಿದೆ. ವಿಮಾನದ ಭಾಗ ಕೆಡುವವರೆಗೆ ಯಾರೂ ಕಾಯುವುದಿಲ್ಲ. ಅದಕ್ಕೆ ಇಷ್ಟು ಎಂದು ಆಯುಷ್ಯ ಬರೆದಿರುತ್ತದೆ, ಅಷ್ಟಾದ ಮೇಲೆ ಚೆನ್ನಾಗಿದ್ದರೂ ತೆಗೆದು ಹೊಸದು ಹಾಕಬೇಕು. ಈ ಮನುಷ್ಯ ಆ ರೂಢಿಯನ್ನು ಕಾರಿಗೂ ಹಚ್ಚಿದರು. ಮ್ಯಾನೇಜರಿಗೆ ಫೋನು ಮಾಡಿ ಬ್ಯಾಟರಿಯ ಹುಟ್ಟಿದ ದಿನ, ಅದು ಕಂಡ ಬೇಸಿಗೆಗಳು, ನಿಂತಲ್ಲೇ ನಿಂತ ತಿಂಗಳುಗಳು ಎಲ್ಲ ಕೇಳಿದರು. ಹೆಣ್ಣು ನೋಡಲು ಬಂದಾಗ ನನ್ನ ಜಾತಕವನ್ನು ಕೂಡ ಇಷ್ಟು ಕೆದಕಿರಲಿಲ್ಲ. ಆ ಕಡೆಯವರು "ಗಾಡಿ ಏಕದಮ್ ಮಕ್ಖನ್ ಆಹೆ" ಎನ್ನುವುದೊಂದನ್ನು ಬಿಟ್ಟು ಬೇರೇನೂ ಹೇಳಲಿಲ್ಲ. ಬೆಣ್ಣೆಯಂಥ ಗಾಡಿಯಂತೆ!

ಆದರೂ ಮುಂದಿನ ಸಲ ಬಂದಾಗ ಓಡಿಸಿ ನೋಡಲು ಮೂವರೂ ಹೋದೆವು. ಪೇಟೆಯ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಎಂಜಿನ್ ಸದ್ದೇ ಅಡಗಿತು. "ಗಾಡೀ ಬಂದ್ ಪಡಲೀ!" ಎಂದು ಮಗಳು ಬಾಲವಾಡಿಯ ಮರಾಠಿಯಲ್ಲಿ ಹೆದರಿ ಕೂಗಿದಳು. ಕೆಟ್ಟಿಲ್ಲ ಪುಟ್ಟಿ, ಬ್ಯಾಟರಿ ಮೇಲೆ ನಡೆಯುತ್ತಿದೆ ಎಂದು ಅವರು ನಕ್ಕರು. ಪೇಟೆ ದಾಟುವವರೆಗೂ ಆ ನಗು ಹಾಗೇ ಇತ್ತು. ವೇರೂಳ್ ಎನ್ನುವ ಎಲ್ಲೋರದ ಕಡೆಯ ಬಯಲು ರಸ್ತೆ ಹಿಡಿದ ಮೇಲೆ ಎಂಜಿನ್ ಎಡೆಬಿಡದೆ ಓಡತೊಡಗಿತು. ಮುಂದಿನ ಪರದೆಯಲ್ಲಿ ಮೈಲೇಜು ಇಳಿಯುವುದನ್ನು ನೋಡುತ್ತ ಅವರು ಬಾಯಲ್ಲೇ ಲೆಕ್ಕ ಹಾಕತೊಡಗಿದರು.

ಮನೆಗೆ ಬಂದು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ಹೇಳಿದರು: "ಬ್ರೇಕ್ ಹಾಕ್ದಾಗ ಇದರ ಬ್ಯಾಟರಿ ತುಂಬ್ತದ. ಊರಾಗ ಓಡ್ಸಾವ್ರಿಗೆ ಛಲೋ. ನಂದು ಬರೇ ಹೈವೇ. ಉಳಿಯೂದು ಅಷ್ಟಕ್ಕಷ್ಟ, ಆಮ್ಯಾಲೆ ಬ್ಯಾಟರಿ ಖರ್ಚು ತಪ್ಪೂದಿಲ್ಲ. ಬ್ಯಾಡ ಬಿಡು."

ಲೆಕ್ಕ ಸರಿಯಾಗಿತ್ತು. ತಪ್ಪು ಹುಡುಕಲು ನಾನೂ ಒದ್ದಾಡಿದೆ, ಸಿಗಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಮಗಳು ಬಂದಳು. ಸ್ಟೀಲಿನ ತಟ್ಟೆ, ಅದರ ಮೇಲೆ ನೀರಿನ ಲೋಟ. ನಮ್ಮ ಮನೆಯಲ್ಲಿ ಮನೆಮಂದಿಗೆ ತಟ್ಟೆ ಇಲ್ಲ, ಎಲ್ಲರೂ ಬಿಂದಿಗೆಯಿಂದ ತಾವೇ ತೆಗೆದುಕೊಂಡು ಕುಡಿಯುವವರು. ತಟ್ಟೆ ಬಂದವರಿಗೆ. ದ್ರಾಕ್ಷಿ, ಬಿಸ್ಕೀಟು ತಂದು ಕುರ್ಚಿಯಲ್ಲಿ ಕೂತು ಸಂಜೆಗೆ ಹೊರಟು ಹೋಗುವವರಿಗೆ. ಹಾಗೆ ಕೊಡಲು ಕಲಿಸಿದವಳು ನಾನೇ. ಒಂದು ಹನಿಯೂ ಚೆಲ್ಲದಂತೆ ಅವರ ಮುಂದೆ ಹಿಡಿದು, "ಪಾಣೀ ಘ್ಯಾ ನಾ" ಎಂದಳು, ಬಂದವರಿಗೆ ನೀರು ತಗೊಳ್ಳಿ ಎನ್ನುವ ಹಾಗೆ. ಕೊಟ್ಟು ಬಂದು ನನ್ನ ಸೆರಗಿನ ಹಿಂದೆ ನಿಂತಳು.

ಅವರು ನೀರು ಪೂರ್ತಿ ಕುಡಿದರು. ಲೋಟವನ್ನು ತಟ್ಟೆಯ ಮೇಲೆಯೇ ಮೆಲ್ಲಗೆ ಇಟ್ಟರು. ನನ್ನ ಮುಖ ನೋಡಲಿಲ್ಲ.

"ಹಳೇ ಕಾರ್‌ನ್ಯಾಗ ಬರ್ರಿ. ವಾರಾ ವಾರಾ ಬರ್ರಿ" ಎಂದೆ.

"ಮತ್ತ ಮನೀ?"

"ಮಾಳಗೀ ಮ್ಯಾಲಿಂದು ಬ್ಯಾಡ್ರಿ. ಕೆಳಗಿಂದಷ್ಟ ಸಾಕು."

ಧಾರವಾಡದ ಆ ಮನೆಯ ಮಾಳಿಗೆಯ ಮೇಲೆ ಕಬ್ಬಿಣದ ಸರಳುಗಳು ಇಂದಿಗೂ ಆಕಾಶ ನೋಡುತ್ತ ನಿಂತಿವೆ. ಯಾವಾಗ ಮೇಲೆ ಕಟ್ಟಿಸುತ್ತೀರಿ ಎಂದು ನೆಂಟರು ಕೇಳಿದರೆ ಇಬ್ಬರೂ ನಗುತ್ತೇವೆ.

ಮುಂದಿನ ಶನಿವಾರ ಅವರು ಬಂದರು. ಅದರ ಮುಂದಿನ ಶನಿವಾರವೂ ಬಂದರು. ತಟ್ಟೆ ಇನ್ನೂ ಕೆಲವು ವಾರ ಬಂತು. ಮಳೆಗಾಲ ಹಿಡಿದ ಮೇಲೆ ಒಂದು ಸಂಜೆ, ನಾಲ್ಕು ತಾಸು ಗಾಡಿ ಓಡಿಸಿ ದಣಿದು ಬಂದವರು ಅದೇ ಕುರ್ಚಿಯಲ್ಲಿ ಕೂತು, "ಪುಟ್ಟಿ, ಒಂದ್ ಲೋಟ ನೀರ್ ತಗೊಂಬಾರವಾ" ಎಂದರು. ನೆಲದ ಮೇಲೆ ಬಣ್ಣದ ಕಡ್ಡಿ ಹಿಡಿದು ಕೂತಿದ್ದ ಮಗಳು ತಲೆ ಕೂಡ ಎತ್ತಲಿಲ್ಲ.

"ನೀನ ತಗೋ ಅಪ್ಪಾ, ನಂಗ ಕೆಲ್ಸದ!"

ಅವರು ಎದ್ದು ಅಡುಗೆಮನೆಗೆ ಬಂದರು. ಬಿಂದಿಗೆಯಿಂದ ತಾವೇ ಬಗ್ಗಿಸಿಕೊಂಡು, ಅಲ್ಲೇ ನನ್ನ ಪಕ್ಕ ನಿಂತು, ಲೋಟದ ಮೇಲೆ ಲೋಟ ಕುಡಿದರು.