ಈರಣ್ಣನವರು ಅಂಗಡಿ ದೊಡ್ಡದು ಮಾಡಿದ್ದು

ಗೆಳೆಯರೇ, ಇಂದು ಮುಂಜಾನೆ ನಾನು ದುಭಾಷಿಯಾಗಿ ಒಂದು ಸಂಸಾರವನ್ನು ಮುಳುಗಿಸುವುದರಲ್ಲಿದ್ದೆ.

ಪುಣೆಯ ಮಾರ್ಕೆಟ್ ಯಾರ್ಡಿನ ಮೆಣಸಿನಕಾಯಿ ವ್ಯಾಪಾರಿ ಈರಣ್ಣ ಹೆಂಡತಿಯೊಡನೆ ನ್ಯೂಜಿಲೆಂಡಿಗೆ ಹೋಗಿ ಕಿರಾಣಿ ಅಂಗಡಿ ತೆರೆಯುವವರು. ವೀಸಾ ಒಮ್ಮೆ ತಿರಸ್ಕೃತವಾಗಿದೆ. ಇಂದಿನ ವಿಡಿಯೋ ಸಂದರ್ಶನವೇ ಕೊನೆಯ ಅವಕಾಶ. ಇಲ್ಲಿಯ ವ್ಯಾಪಾರ ಪೂರ್ತಿ ಬಿಟ್ಟು ಬರುತ್ತಾರೆಂಬ ಖಾತ್ರಿ ವೀಸಾ ಕಚೇರಿಯವರಿಗೆ ಬೇಕಂತೆ.

"ಪುಣೆಯ ಅಂಗಡಿಯನ್ನು ಏನು ಮಾಡುತ್ತೀರಿ?" ಅಧಿಕಾರಿಣಿ ಕೇಳಿದರು.

"ದೊಡ್ಡದು ಮಾಡ್ತೀವ್ರಿ," ಎಂದರು ಈರಣ್ಣ. ನಾನು ಅದನ್ನು ಚಾಚೂ ತಪ್ಪದೆ ಇಂಗ್ಲಿಷಿಗೆ ಇಳಿಸಿದೆ.

ಆಕೆಯ ಹುಬ್ಬು ಏರಿತು. "ಅಲ್ಲೇ ಬೆಳೆಯುವವರು ಇಲ್ಲಿಗೇಕೆ ಬರುತ್ತೀರಿ?"

ಆಗ ನನಗೆ ಹೊಳೆಯಿತು. ನಮ್ಮ ಕಡೆ ದೀಪ ಆರಿಸುವಾಗಲೂ 'ಆರಿಸು' ಎನ್ನುವುದಿಲ್ಲ, 'ದೊಡ್ಡದು ಮಾಡು' ಎನ್ನುತ್ತೇವೆ. ಈರಣ್ಣ ಅಂಗಡಿಗೂ ಅದೇ ಮರ್ಯಾದೆ ಕೊಟ್ಟಿದ್ದರು!

"ಮುಚ್ತೀವಿ ಅನ್ರಿ!" ಎಂದು ಪಿಸುಗುಟ್ಟಿದೆ.

"ಅಂಗಡಿ ಗಾದಿ ಮ್ಯಾಲೆ ಕುಂತು ಆ ಮಾತು ಆಡಂಗಿಲ್ರಿ. ಅಪಶಕುನ."

"ವೀಸಾ ಹೋಗ್ತದರೀ!"

"ಹೋಗ್ತದ ಅನಬ್ಯಾಡ್ರಿ, ಬರ್ತದ ಅನ್ರಿ!"

ಅಧಿಕಾರಿಣಿ ಪೆನ್ನು ಎತ್ತಿದರು. ಅಷ್ಟರಲ್ಲಿ ಹೆಂಡತಿ ಗಂಗಕ್ಕ ಗಂಡನನ್ನು ಬದಿಗೆ ತಳ್ಳಿ, ಕ್ಯಾಮೆರಾದ ಮುಂದೆ ಬಂದು, "ಕ್ಲೋಸ್ ಮೇಡಂ! ಫುಲ್ ಕ್ಲೋಸ್!" ಎಂದು ಕೂಗಿದರು. ಈರಣ್ಣ ಕಿವಿ ಮುಚ್ಚಿಕೊಂಡರು.

ಆಕೆ ನಕ್ಕರು. "ಹಾಗಾದರೆ ನಿಮ್ಮ ಫೈಲನ್ನೂ ಇಂದೇ ಕ್ಲೋಸ್ ಮಾಡುತ್ತೇನೆ," ಎಂದವರೇ ಪರದೆಯಿಂದ ಮಾಯವಾದರು.

ಆಗಿನಿಂದ ಮೂವರೂ ಗಾದಿಯ ಮೇಲೆ ಮಿಸುಕಾಡದೆ ಕೂತಿದ್ದೇವೆ. ಇಂಗ್ಲಿಷ್ ಬಲ್ಲವರು ದಯಮಾಡಿ ತಿಳಿಸಿ: ಫೈಲ್ ಕ್ಲೋಸ್ ಎಂದರೆ ವೀಸಾ ಬಂತು ಎಂದೋ, ಹೋಯಿತು ಎಂದೋ? ಈರಣ್ಣ ಮಾತ್ರ, "ಫೈಲು ದೊಡ್ಡದಾತು" ಎನ್ನುತ್ತಿದ್ದಾರೆ.