ಕೊಸರಿಲ್ಲದ ಎಣಿಕೆ

ಹರ್ಷಿತಾಳ ಸುದ್ದಿ ಇಂದಿರಮ್ಮನಿಗೆ ಮೊದಲು ಬಂದದ್ದು ತಲೆಯ ಮೇಲಿನಿಂದ. ಸಿಡ್ನಿಯ ವೆಸ್ಟ್‌ಮೀಡ್ ಸ್ಟೇಷನ್ನಿನ ಪಕ್ಕ ಮಗ ಸೊಸೆ ಬಾಡಿಗೆಗೆ ಹಿಡಿದಿದ್ದ ಫ್ಲಾಟಿನಲ್ಲಿ ಬೆಳಗಿನ ಕಾಫಿ ಲೋಟ ಬಾಯಿಗಿಡುವ ಹೊತ್ತು. ಮೇಲ್ಮನೆಯಲ್ಲಿ ಯಾರೋ ಒನಕೆ ಹಿಡಿದು ಅವಲಕ್ಕಿ ಕುಟ್ಟಿದ ಹಾಗೆ ಧಡ್ ಧಡ್ ಸದ್ದು. ತೂಗುಹಾಕಿದ್ದ ದೀಪ ಅಲ್ಲಾಡಿತು.

ಸೊಸೆ ಮಧುರಾ ಆಫೀಸಿಗೆ ಹೊರಟಿದ್ದಳು. ಚಪ್ಪಲಿ ಮೆಟ್ಟುತ್ತಲೇ, "ನರ್ಸ್ ಅನಸೂಯಾ ಮಗಳು ಅತ್ತೆ. ಮಿಲಿಟರಿ ಆಫೀಸರ್ ಆಗ್ತಾಳಂತೆ, ಅದಕ್ಕೆ ಕುಣೀತಿದಾಳೆ" ಎಂದು ಬಾಗಿಲು ಎಳೆದುಕೊಂಡು ಹೋದಳು.

ಹೆಣ್ಣುಮಗು, ಮಿಲಿಟರಿ, ಅದರಲ್ಲೂ ಆಫೀಸರ್! ಇಂದಿರಮ್ಮನಿಗೆ ಕೂರಲು ಆಗಲಿಲ್ಲ. ಅವಳ ಲೆಕ್ಕದಲ್ಲಿ ಮಿಲಿಟರಿ ಎಂದರೆ ಜನವರಿಯಲ್ಲಿ ಟಿವಿಯಲ್ಲಿ ಬರುವ ಪೆರೇಡು, ಅಷ್ಟೆ. ಕಾಫಿ ಲೋಟ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದಳು. ತೆರೆದವಳು ಹದಿನೇಳರ ಹುಡುಗಿ. ಮುಖವೆಲ್ಲ ಬೆವರು, ಕಣ್ಣಲ್ಲಿ ನಗು.

ಅದು ಎರಡು ಸಾವಿರದ ಎಂಟನೆಯ ಇಸವಿಯ ಚಳಿಗಾಲ. ಹುಡುಗಿಗೆ ಕನ್ನಡ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು. ಇಂದಿರಮ್ಮನಿಗೆ ಬರುತ್ತಿದ್ದ ಇಂಗ್ಲಿಷು ಬಸ್ ಹತ್ತಲು ಸಾಕು. ಆದರೂ ಇಬ್ಬರ ಮಾತು ಯಾವತ್ತೂ ನಿಲ್ಲಲಿಲ್ಲ. ಉಳಿದದ್ದನ್ನು ಡ್ಯೂಟಿ ಮುಗಿಸಿ ಬಂದ ಅನಸೂಯಾ ಬಿಡಿಸಿ ಹೇಳುತ್ತಿದ್ದಳು. ಚಿಕ್ಕವಳಿದ್ದಾಗ ಹರ್ಷಿತಾ ಟಿವಿಯಲ್ಲಿ ಒಂದು ಪ್ರವಾಹ ನೋಡಿದ್ದಳಂತೆ. ಕೊಚ್ಚಿಹೋದ ಸೇತುವೆಯ ಜಾಗದಲ್ಲಿ ಸೈನಿಕರು ಬೇರೆ ಸೇತುವೆ ನಿಲ್ಲಿಸಿದ್ದರು. ಆವತ್ತಿನಿಂದ ಒಂದೇ ಹಟ, ತಾನೂ ಹಾಗೆ ಸೇತುವೆ ಕಟ್ಟುವ ಆಫೀಸರ್ ಆಗಬೇಕು. ಸ್ಕಾಲರ್‌ಶಿಪ್ ಸಿಕ್ಕರೆ ಓದಿಸುವುದು ಸೇನೆಯೇ, ಕೆಲಸ ಕೊಡುವುದೂ ಸೇನೆಯೇ. ಅದಕ್ಕೆ ಮುಂಚೆ ತರಬೇತಿ ಪಡೆದ ಜಿಮ್ ಟ್ರೈನರ್ ಒಬ್ಬರ ಎದುರು ಓಟ, ಕಸರತ್ತು ಎಲ್ಲ ಮಾಡಿ ತೋರಿಸಬೇಕು. ಅವರು ನೋಡಿದ್ದನ್ನು ಬರೆದು ಸಹಿ ಹಾಕಬೇಕು. ಓಟದಲ್ಲಿ ಹುಡುಗಿ ಹಗ್ಗ ಬಿಚ್ಚಿದ ಕರು. ತೊಂದರೆ ಇದ್ದದ್ದು ತೋಳಿನಲ್ಲಿ. ಒಂದೇ ಪಟ್ಟಿನಲ್ಲಿ ಹದಿನೈದು ದಂಡ ಹೊಡೆಯಬೇಕಿತ್ತು, ಹನ್ನೊಂದಕ್ಕೇ ಕೈ ನಡುಗುತ್ತಿತ್ತು.

ಎಣಿಸುವ ಕೆಲಸ ಇಂದಿರಮ್ಮ ತಾನೇ ಮೇಲೆ ಬಿದ್ದು ವಹಿಸಿಕೊಂಡಳು. ಮಂಡ್ಯದ ಮಾರ್ಕೆಟ್ಟಿನಲ್ಲಿ ಹೂವು ಮಾರಿ ಬದುಕು ಸಾಗಿಸಿದವಳು ಅವಳು. ಮೊಳ ಅಳೆದಾದ ಮೇಲೆ ನಾಲ್ಕು ಬೆರಳು ಮುಂದಕ್ಕೆಳೆದು ಕೊಸರು ಬಿಟ್ಟು ಕತ್ತರಿಸದಿದ್ದರೆ ಅವಳ ಕೈಗೆ ಸಮಾಧಾನವಿಲ್ಲ. ಇಲ್ಲೂ ಅದೇ ಆಯಿತು. ಹುಡುಗಿಯ ತೋಳು ನಡುಗಿದರೆ ಸಾಕು, ಒಂದು ಸಲ ಬಗ್ಗಿದ್ದಕ್ಕೆ "ಹನ್ನೆರಡು, ಹದಿಮೂರು" ಎಂದು ಎರಡು ಎಣಿಸಿಬಿಡುತ್ತಿದ್ದಳು.

ಮೂರನೆಯ ದಿನಕ್ಕೆ ಸಿಕ್ಕಿಬಿದ್ದಳು.

"ಅಜ್ಜಿ, ದಟ್ಸ್ ಚೀಟಿಂಗ್."

"ಚೀಟಿಂಗ್ ಅಲ್ಲ ಕಣೇ, ಕೊಸರು."

ಕೊಸರೆಂದರೇನು ಎಂದು ಕೇಳಿ ತಿಳಿದುಕೊಂಡ ಹುಡುಗಿ ನೆಲದ ಮೇಲೆ ಬಿದ್ದು ಬಿದ್ದು ನಕ್ಕಳು. ನಕ್ಕು ಮುಗಿಸಿ, "ನೋ ಕೊಸರು, ಅಜ್ಜಿ" ಎಂದು ಇಂದಿರಮ್ಮನ ಕೈಲಿದ್ದ ಸ್ಟೀಲ್ ಲೋಟ ಕಿತ್ತುಕೊಂಡು ತನ್ನ ಎದೆಯ ಕೆಳಗೆ ಬೋರಲು ಹಾಕಿದಳು. ಬಗ್ಗಿದಾಗ ಎದೆ ಲೋಟಕ್ಕೆ ತಾಗಿದರೆ ಒಂದು, ಇಲ್ಲದಿದ್ದರೆ ಇಲ್ಲ. ಅಂದಿನಿಂದ ಆ ಲೋಟಕ್ಕೆ ಕಾಫಿಯ ಭಾಗ್ಯ ತಪ್ಪಿತು.

ಪರೀಕ್ಷೆ ಎಲ್ಲಿ ಮಾಡಿಸುವುದು ಎಂಬ ಮಾತು ಬಂದಾಗ ಅನಸೂಯಾಗೆ ದರ್ಶನ್ ನೆನಪಾದ. ಅವಳ ಊರು ಅರಸೀಕೆರೆಯವನೇ. ಸ್ಟೂಡೆಂಟ್ ಆಗಿ ಬಂದು, ಅಲ್ಲೇ ನೆಲೆಸಲು ಪಿಆರ್ ತೆಗೆದುಕೊಂಡು, ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿ ಜಿಮ್ ಟ್ರೈನರ್ ಆಗಿದ್ದ. ಸಿಡ್ನಿಯಲ್ಲಿ ಟ್ರೈನರುಗಳಿಗೆ ಬರವಿರಲಿಲ್ಲ. ಆದರೆ ನಮ್ಮವನೊಬ್ಬ ಇರುವಾಗ ಯಾರೋ ಗುರುತಿಲ್ಲದವರ ಹತ್ತಿರ ಯಾಕೆ ಹೋಗುವುದು ಎಂದು ನಮ್ಮ ಜನರಿಗೆಲ್ಲ ಅನಿಸುವುದೇ ಅವಳಿಗೂ ಅನಿಸಿತು. ಅವಳಿಗೆ ರಜೆ ಸಿಗಲಿಲ್ಲ. ಹುಡುಗಿಯ ಜೊತೆ ವಿಮಾನ ಹತ್ತಿದವಳು ಇಂದಿರಮ್ಮ. ಏರ್‌ಪೋರ್ಟಿನ ತಪಾಸಣೆಯವನು ಚೀಲದಿಂದ ಲೋಟ ತೆಗೆದು ಹಿಂದೆ ಮುಂದೆ ತಿರುಗಿಸಿ ನೋಡಿದ. "ಕಾಫಿ" ಎಂದಳು ಇಂದಿರಮ್ಮ ಗಂಭೀರವಾಗಿ. ಹುಡುಗಿಗೆ ನಗು ತಡೆಯಲು ಆಗಲಿಲ್ಲ.

ದರ್ಶನ್ ಕಾರು ತಂದಿದ್ದ. ದಾರಿಯುದ್ದಕ್ಕೂ ಒಂದೇ ಮಾತು, ನಮ್ಮ ಹುಡುಗಿ, ಟೆನ್ಷನ್ ಬೇಡ, ಎಲ್ಲ ತಾನು ನೋಡಿಕೊಳ್ಳುತ್ತೇನೆ. ಇಂದಿರಮ್ಮನಿಗೆ ಒಳಗೊಳಗೇ ಖುಷಿ. ಇವನದೂ ನನ್ನಂಥದೇ ಕೈ ಎಂದುಕೊಂಡಳು.

ಶನಿವಾರ ಪರೀಕ್ಷೆ. ಓಟ ಮುಗಿಯಿತು, ಹೊಟ್ಟೆಯ ಕಸರತ್ತೂ ಮುಗಿಯಿತು, ಹುಡುಗಿ ನಗುತ್ತಲೇ ಇದ್ದಳು. ದಂಡಕ್ಕೆ ಲೋಟ ಇಟ್ಟರು. ಹತ್ತು, ಹನ್ನೆರಡು, ಹದಿನಾಲ್ಕು. ಇಂದಿರಮ್ಮ ಸೆರಗು ಕಚ್ಚಿ ನಿಂತಿದ್ದಳು. ಕೊನೆಯದಕ್ಕೆ ತೋಳು ಅರ್ಧ ಬಗ್ಗಿ ಮೇಲೆದ್ದವು. "ಹದಿನೈದು!" ಎಂದು ದರ್ಶನ್ ಚಪ್ಪಾಳೆ ತಟ್ಟಿದ, ಪೆನ್ನು ತೆಗೆದ.

ಹುಡುಗಿ ಏಳಲಿಲ್ಲ. ನೆಲದ ಮೇಲೆ ಮುಖವಿಟ್ಟು ಏದುಸಿರು ಬಿಡುತ್ತಾ, ಯಾವತ್ತೂ ಇಲ್ಲದ್ದು, ಕನ್ನಡದಲ್ಲಿ ಕೇಳಿದಳು.

"ಅಜ್ಜಿ, ಮುಟ್ಟಿತಾ?"

ದರ್ಶನ್ ಕಣ್ಣಲ್ಲೇ ಸನ್ನೆ ಮಾಡಿದ. ಸೋಮವಾರಕ್ಕೆ ಅರ್ಜಿ ಕಳಿಸುವ ಗಡುವು ಮುಗಿಯುತ್ತಿತ್ತು. ಮುಟ್ಟಿತು ಎಂಬ ಮಾತು ಇಂದಿರಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಹಾಗೆಂದಿದ್ದರೆ ಹುಡುಗಿ ನಂಬುತ್ತಿದ್ದಳು, ಎದ್ದು ಅಪ್ಪಿಕೊಳ್ಳುತ್ತಿದ್ದಳು. ಆದರೆ ಹೂವಿನ ಕೊಸರು ತನ್ನ ಬುಟ್ಟಿಯದು, ಬಿಟ್ಟರೆ ತನಗೇ ಕಡಿಮೆ. ಈ ಕೊಸರು ಯಾರ ಬುಟ್ಟಿಯದು? ಎಲ್ಲೋ ಇನ್ನೊಂದು ಮನೆಯಲ್ಲಿ ಇನ್ನೊಂದು ಮಗು ಹೀಗೇ ತೋಳು ನಡುಗಿಸಿಕೊಂಡು ಸರಿಯಾಗಿ ಎಣಿಸಿಕೊಳ್ಳುತ್ತಿರಬೇಕು. ಅದರ ಪಾಲಿನದು ಇದು.

"ಮುಟ್ಟಲಿಲ್ಲ ಮಗಾ."

"ಅಜ್ಜಿ, ನಿಮ್ಮ ಕಣ್ಣಿಗೆ ಪೊರೆ ಬಂದಿರ್ಬೇಕು" ಎಂದ ದರ್ಶನ್.

"ಪೊರೆ ತೆಗೆಸಿ ಎರಡು ವರ್ಷ ಆಯ್ತಪ್ಪ. ಈಗ ಕಾಣಬಾರದ್ದೂ ಕಾಣುತ್ತೆ."

ದರ್ಶನ್‌ಗೆ ಸಿಟ್ಟು ಬಂತು. ಸಹಾಯ ಮಾಡಲು ಹೋದವನನ್ನು ಕಳ್ಳನ ಹಾಗೆ ನಿಲ್ಲಿಸಿದರಲ್ಲ ಎಂದು ಗೊಣಗಿದ. ನಾಳೆ ಇನ್ನೊಂದು ಸಲ ಮಾಡಬಹುದು, ಆದರೆ ದಣಿದ ತೋಳಿಗೆ ಹದಿನಾಲ್ಕೂ ಬರದೆ ಹೋದರೆ ಗತಿ ಏನು ಎಂದು ಕೇಳಿದ. ಹುಡುಗಿ ಎದ್ದು ಕುಳಿತು ಬೆವರು ಒರೆಸಿಕೊಂಡಳು. ಅವಳ ಉತ್ತರ ಇಂಗ್ಲಿಷಿನಲ್ಲಿ ಬಂತು, ಇಂದಿರಮ್ಮನಿಗೆ ಪೂರ್ತಿ ತಿಳಿಯಲಿಲ್ಲ. ಲೋಟ ಮುಟ್ಟದವಳು ಕಟ್ಟಿದ ಸೇತುವೆಯ ಮೇಲೆ ನೀವು ಕಾರು ಓಡಿಸುತ್ತೀರಾ ಅಂಕಲ್ ಎಂದು ಕೇಳಿದಳಂತೆ. ದರ್ಶನ್ ಪೆನ್ನು ಜೇಬಿಗಿಟ್ಟ. ಮತ್ತೆ ಏನು ತೋಚಿತೋ, ಪೆನ್ನು ಹೊರಗೆ ತೆಗೆದು ಹದಿನಾಲ್ಕು ಎಂದೇ ಬರೆದ.

ಭಾನುವಾರ ಬೆಳಿಗ್ಗೆ ಜಿಮ್ಮಿನಲ್ಲಿ ಅವರು ಮೂವರೇ. ಹಿಂದಿನ ದಿನ ಮುಖ ಊದಿಸಿಕೊಂಡಿದ್ದ ದರ್ಶನ್ ಇವತ್ತು ಲೋಟದ ಪಕ್ಕ ಹೊಟ್ಟೆಯ ಮೇಲೆ ಮಲಗಿ, ಕೆನ್ನೆ ನೆಲಕ್ಕೆ ಹಚ್ಚಿ ನೋಡಿದ. ಎಣಿಕೆ ಇಂದಿರಮ್ಮನದು. ಹುಡುಗಿಯ ಜಾಕೆಟ್ಟಿನ ಜಿಪ್ಪು ಲೋಟಕ್ಕೆ ತಾಗಿದಾಗಲೆಲ್ಲ ಟಿಣ್ ಎನ್ನುತ್ತಿತ್ತು. ಟಿಣ್ ಎಂದ ಮೇಲೆಯೇ ಇಂದಿರಮ್ಮ ಬಾಯಿ ತೆರೆಯುತ್ತಿದ್ದಳು. ಹದಿಮೂರಕ್ಕೆ ತೋಳು ನಡುಗಿದವು. ಹದಿನಾಲ್ಕಕ್ಕೆ ಮೈಯೇ ನಡುಗಿತು. ಆಮೇಲೆ ಹುಡುಗಿ ಬಗ್ಗದೆ, ತೋಳು ಊರಿ ಮೇಲೇ ನಿಂತುಬಿಟ್ಟಳು. ಬೆವರಿನ ಹನಿ ಲೋಟದ ತಳದ ಮೇಲೆ ಬಿತ್ತು. ಹುಡುಗಿ ಮೆಲ್ಲಗೆ, ಮೆಲ್ಲಗೆ ಬಗ್ಗಿದಳು.

ಟಿಣ್.

"ಹದಿನೈದು" ಎಂದು ಇಬ್ಬರೂ ಒಟ್ಟಿಗೇ ಕೂಗಿದರು. ಹುಡುಗಿ ಅಷ್ಟಕ್ಕೂ ಬಿಡದೆ ಮತ್ತೊಂದು ಸಲ ಬಗ್ಗಿ, ಲೋಟವನ್ನು ಉರುಳಿಸಿ, ಅದರ ಮೇಲೇ ಬಿದ್ದಳು.

"ಇದು ಕೊಸರಾ ಅಜ್ಜಿ?" ಎಂದು ದರ್ಶನ್ ಮಲಗಿದ್ದಲ್ಲಿಂದಲೇ ಕೇಳಿದ.

"ಬರ್ಕೊಳಪ್ಪ, ಇದು ಅವಳದೇ ದುಡಿಮೆ" ಎಂದಳು ಇಂದಿರಮ್ಮ. ಅವನು ಎರಡೂ ದಿನದ್ದನ್ನು ಆದ ಹಾಗೆಯೇ ಬರೆದು ಸಹಿ ಹಾಕಿದ.

ಆಮೇಲೆ ಸಂದರ್ಶನ, ಡಾಕ್ಟರ ತಪಾಸಣೆ, ಕಾಯುವುದು. ಒಂದು ಸಂಜೆ ಮೇಲ್ಮನೆಯಲ್ಲಿ ಮತ್ತೆ ಧಡ್ ಧಡ್ ಸದ್ದು. ಈ ಸಲ ಕುಣಿಯುತ್ತಿದ್ದವರು ಇಬ್ಬರು. ಇಂದಿರಮ್ಮ ಮೆಟ್ಟಿಲು ಹತ್ತುವಾಗಲೇ ವಿಷಯ ತಿಳಿದಿತ್ತು.

ಜನವರಿಯಲ್ಲಿ, ಅಲ್ಲಿಯ ನಡುಬೇಸಿಗೆಯಲ್ಲಿ, ಹರ್ಷಿತಾ ಹೊರಟಳು. ಬಾಲ್ಕನಿಯ ಕುಂಡದಲ್ಲಿ ಇಂದಿರಮ್ಮ ಬೆಳೆಸಿದ್ದ ಮಲ್ಲಿಗೆ ಆ ಬಿಸಿಲಿಗೆ ಬಿರಿದು, ಕಟ್ಟಿದ ಮಾಲೆಯಾಗಿ ಅವಳ ಮಡಿಲಲ್ಲಿ ಘಮ್ಮೆನ್ನುತ್ತಿತ್ತು. ಟ್ಯಾಕ್ಸಿ ಕೆಳಗೆ ಬಂದು ನಿಂತಿತ್ತು. ಹುಡುಗಿ ಬ್ಯಾಗನ್ನು ಮೆಟ್ಟಿಲ ಮೇಲೆ ಬಿಟ್ಟು ಒಳಗೆ ಓಡಿಬಂದು, ಇಂದಿರಮ್ಮನ ಕಾಲ ಬಳಿ ಬೆನ್ನು ತಿರುಗಿಸಿ ಕುಳಿತು, ಜಡೆಯನ್ನು ಹಿಂದಕ್ಕೆ ಹಾಕಿದಳು.

"ಅಜ್ಜಿ, ಒಂದು ಮೊಳ ಮುಡಿಸಿ. ಇವತ್ತು ಕೊಸರು ಹಾಕಿ."