ವಿಭೂತಿ ಹಚ್ಚಿದ ಪ್ಲೇಟು

ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದೆ. ಆಗ ಲಿಂಗಸುಗೂರಿನಿಂದ ಮಗಳ ಫೋನ್ ಬಂತು. ಅಲ್ಲಿ ಹಾಸ್ಟೆಲ್‌ನಲ್ಲಿದ್ದು ಡಿಗ್ರಿ ಓದುತ್ತಿದ್ದಾಳೆ.

“ಅವ್ವಾ, ಮಸ್ಕಿ ಕಾಕಾರ ಮಷಿನ್ನಿಗೆ ಸೂಜಿ ಬಂದೈತಂತ! ನೀ ಪ್ಲೇಟ್ ತಗೊಂಡು ಸಿಂಧನೂರಾಗ ಬಸ್ ಹತ್ತು, ನಾ ಈ ಕಡಿಂದ ಬರ್ತೀನಿ. ಬಿಸಲಾಗ ಹಿಡೀಬ್ಯಾಡ ಮತ್ತ, ಸೊಟ್ಟ ಆಕ್ಕೈತಿ.”

ಆ ಗ್ರಾಮಫೋನ್ ಪ್ಲೇಟಿನ ಸಂಗತಿ ಹೇಳಬೇಕು. ನಾನು ಹುಟ್ಟುವ ಮೊದಲೇ ಇಂಗ್ಲೆಂಡಿನ ನಾಲ್ವರು ಹುಡುಗರು ಗಿಟಾರ್ ಹಿಡಿದು ಮಾಡಿದ ಹಾಡುಗಳಂತೆ ಅದರಲ್ಲಿರುವುದು. ಮಗಳು ಪಿಯುಸಿಯಲ್ಲಿದ್ದಾಗಿನಿಂದ ಮೊಬೈಲಿನಲ್ಲಿ ಅದನ್ನೇ ಕೇಳುತ್ತಾಳೆ. ನಾನು ರೊಟ್ಟಿ ಬಡಿಯುವಾಗ ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗೆ ತುರುಕಿ, “ಇಲ್ಲಿ ಕೇಳು, ಇಲ್ಲಿ” ಎನ್ನುತ್ತಿದ್ದಳು. ನನಗೆ ತಗಡಿನ ಮೇಲೆ ಮಳೆ ಬಿದ್ದಂತೆ ಕೇಳುತ್ತಿತ್ತು, ಅಷ್ಟೆ. ಕಡೆಗೆ ಟ್ಯೂಷನ್ ಹೇಳಿ ಕೂಡಿಸಿದ ದುಡ್ಡಿನಲ್ಲಿ ಆ ಹಳೆಯ ಪ್ಲೇಟನ್ನೇ ತರಿಸಿದಳು. ನುಡಿಸುವ ಮಷಿನ್ ನಮ್ಮಲ್ಲಿಲ್ಲ. ಮದುವೆಗಳಿಗೆ ಮೈಕ್ ಸೆಟ್ ಹಚ್ಚುತ್ತಿದ್ದ ಮಸ್ಕಿಯ ಕಾಕಾ ಒಬ್ಬರ ಬಳಿ ಇತ್ತು, ಆದರೆ ಸೂಜಿ ಮುರಿದಿತ್ತು. ಹೊಸ ಸೂಜಿ ಸಿಗುವವರೆಗೆ ಪ್ಲೇಟು ನಮ್ಮ ದೇವರ ಜಗಲಿಯ ಮೇಲೆ ಕೂತಿತು. ಹೊಸ ವಸ್ತು ಮನೆಗೆ ಬಂದರೆ ನಮ್ಮ ಅತ್ತೆ ಪೂಜೆ ಮಾಡದೆ ಬಿಡುವವರಲ್ಲ. ಕವರಿನ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಮಗಳು ಅದನ್ನು ನೋಡಿ ನಕ್ಕಿದ್ದಳು.

ಬಸ್ಸಿನಲ್ಲಿ ಸೀಟು ಸಿಕ್ಕಿತು, ಶಿವನ ಕೃಪೆ. ಪ್ಲೇಟನ್ನು ಸೆರಗಿನಲ್ಲಿ ಮುಚ್ಚಿ ಕೂಸಿನಂತೆ ಹಿಡಿದು ಕೂತೆ.

ಮಗಳು ಕಾಕಾರ ಅಂಗಡಿಯ ಮುಂದೆಯೇ ನಿಂತಿದ್ದಳು. ಕಾಕಾ ಕೈ ಒರೆಸಿಕೊಂಡು ಪ್ಲೇಟನ್ನು ಹೊರಗೆಳೆದವರು ಹಾಗೆಯೇ ನಿಂತುಬಿಟ್ಟರು. ಕಪ್ಪು ಪ್ಲೇಟಿನ ಮೇಲೆ ಒಣಗಿದ ಮೂರು ಬಿಳಿ ಪಟ್ಟೆ. ತಿರುಗಿಸಿದರು. ಆ ಕಡೆಯೂ ಮೂರು.

“ಏನ್ರೀ ಅಕ್ಕಾರ, ಇದಕ್ಕೂ ದೀಕ್ಷಾ ಕೊಡಿಸೀರೇನು?”

ಮಗಳ ಮುಖ ಸಪ್ಪಗಾಯಿತು. ನಾನು ಮನೆಗೆ ಫೋನ್ ಹಚ್ಚಿದೆ.

“ಹೌದವಾ, ನಾನ ಹಚ್ಚೀನಿ,” ಎಂದರು ಅತ್ತೆ. “ಅಂಗಿಗೆ ಹಚ್ಚಿದ್ರ ಮೈಗೆ ಹಚ್ಚಿದಂಗ ಆಕ್ಕೈತೇನು?”

ಕಾಕಾ ತಲೆ ಅಲ್ಲಾಡಿಸಿದರು. “ನೋಡು ತಾಯಿ, ಹಾಡು ಈ ಕೂದಲಿನಂಥ ಗೆರಿಯೊಳಗ ಇರತೈತಿ. ಬೂದಿ ಮ್ಯಾಲ ಓಡಿಸಿದ್ರ ನನ್ನ ಸೂಜಿನೂ ಹೋತು, ನಿನ್ನ ಪ್ಲೇಟೂ ಹೋತು. ನಾ ಇಡಂಗಿಲ್ಲ.”

“ತೊಳದ್ರ, ಕಾಕಾ?”

“ತೊಳೀಬೌದು. ಜೋರು ತಿಕ್ಕಿದ್ರ ಗೆರಿ ಹಾಳಾಕ್ಕಾವ. ನನ್ನ ಕೈ ನಡಗತಾವ, ನಾ ಒಲ್ಲೆ.”

ಮಗಳು ನನ್ನ ಕಡೆ ನೋಡಿದಳು. “ನನಗ ಧೈರ್ಯ ಇಲ್ಲ. ನೀ ಮಾಡವ್ವಾ.”

ದಿನಾ ಬೆಳಿಗ್ಗೆ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಮಜ್ಜನ ಮಾಡಿಸುವವಳು ನಾನು. ನಿನ್ನೆಯ ವಿಭೂತಿ ತೊಳೆಯುವಾಗ ಉಗುರು ತಾಗಿಸುವುದಿಲ್ಲ. ನೀರು ಸಣ್ಣಗೆ ಬಿಡುತ್ತ ಬೆರಳಿನ ಮೆತ್ತನೆಯ ತುದಿಯನ್ನು ಸುತ್ತ ಆಡಿಸುವುದು, ಅಷ್ಟೆ. ನನಗೆ ಗೊತ್ತಿದ್ದದ್ದು ಅದೊಂದೇ. ಕಾಕಾ ಕುಡಿಯುವ ನೀರಿನ ಕ್ಯಾನ್ ಬಗ್ಗಿಸಿದರು. ನಡುವಿನ ಕಾಗದ ನೆನೆಯದಂತೆ ಮಗಳು ಅಂಚು ಹಿಡಿದು ಓರೆ ಮಾಡಿದಳು. ಗೆರೆ ಹೋದತ್ತಲೇ ಬೆರಳು ಹೋಯಿತು. ಪಂಚಾಕ್ಷರಿ ತಾನಾಗಿ ಬಾಯಿಗೆ ಬಂತು. ಎರಡೂ ಮಗ್ಗುಲಿನ ಬಿಳಿ ನೀರೆಲ್ಲ ಇಳಿದ ಮೇಲೆ ಸವೆದ ಸೆರಗಿನ ತುದಿಯಿಂದ ಒತ್ತಿ ಒತ್ತಿ ಆರಿಸಿದೆ.

ಕಾಕಾ ಬಹಳ ಹೊತ್ತು ಟ್ಯೂಬ್‌ಲೈಟಿಗೆ ಹಿಡಿದು ನೋಡಿದರು. “ಹುಂ,” ಎಂದರು. ಸೂಜಿ ಇಳಿಸಿದರು.

ಮೊದಲು ಬರೀ ಚರಚರ. ಮಗಳು ನನ್ನ ಮುಂಗೈ ಹಿಡಿದಳು. ಆಮೇಲೆ ಬಂತು.

ಬತ್ತಿದ ಕಾಲುವೆಗೆ ನೀರು ಬಿಟ್ಟ ದಿನ ದಂಡೆಯಲ್ಲಿ ನಿಂತವರಿಗೆ ಗೊತ್ತು. ನೀರು ಕಾಣುವ ಮೊದಲು ಸಪ್ಪಳ ಬರುತ್ತದೆ, ಒಣ ಎಲೆ, ಕಸಕಡ್ಡಿ ನೂಕಿಕೊಂಡು. ಬಂದ ಮೇಲೆ ನಿಲ್ಲುವುದಿಲ್ಲ. ಆ ಗಿಟಾರಿನ ತಂತಿ ಹಾಗೆ ಬಂತು. ಮೊಬೈಲಿನಲ್ಲಿ ಕೇಳಿದ್ದು ಇದೇನಾ? ಮದುವೆಗೆ ಹಚ್ಚುವ ದೊಡ್ಡ ಸ್ಪೀಕರ್ ಪೆಟ್ಟಿಗೆಯಿಂದ ಹೊರಟು ನನ್ನ ಪಕ್ಕೆಲುಬಿನಲ್ಲಿ ನಡುಗಿತು. ಒಮ್ಮೆ ಅತ್ತಂತೆ, ಒಮ್ಮೆ ಯಾರನ್ನೋ ಗದರಿಸಿದಂತೆ.

“ಎಷ್ಟು ಮಂದಿ ಬಾರಸಾಕತ್ತಾರ ಇದನ್ನ?” ಎಂದೆ.

“ಒಬ್ಬನ ಅವ್ವಾ. ಒಬ್ಬನ ಕೈ.”

“ಮದಿವ್ಯಾಗ ಇದನ್ನ ಹಚ್ಚಿದ್ರ ಬೀಗರು ಊಟಾ ಬಿಟ್ಟು ಓಡತಿದ್ರು,” ಎಂದರು ಕಾಕಾ. ಆದರೆ ಅವರ ಬೆರಳು ಮೊಣಕಾಲಿನ ಮೇಲೆ ಕುಣಿಯುತ್ತಿತ್ತು.

ಒಂದು ಹಾಡಿನ ಕೊನೆಗೆ ಎಲ್ಲ ವಾದ್ಯ ನಿಂತು ಒಂದೇ ತಂತಿ ಉಳಿಯಿತು. ಸಣ್ಣಗಾಗುತ್ತ, ಇನ್ನೂ ಸಣ್ಣಗಾಗುತ್ತ. ನಮ್ಮ ಮಠದ ಭಜನೆಯಲ್ಲಿ ಏಕತಾರಿ ಹೀಗೆ ಉಳಿಯುತ್ತದೆ. ಒಂದು ಮಾತೂ ತಿಳಿಯದಿದ್ದರೂ ನಾನು ಕೈ ಮುಗಿದಿದ್ದೆ. ಎಲ್ಲಿಯ ದೇಶ, ಯಾವ ಕಾಲದ ಬೆರಳು! ಆ ಬೆರಳಿನ ಒತ್ತು ಇಷ್ಟು ವರ್ಷ ಈ ಕರಿ ಗೆರೆಯಲ್ಲಿ ಕೂತು, ಮಸ್ಕಿಯಲ್ಲಿ ನನ್ನ ಮಗಳ ತೋಳಿನ ಕೂದಲು ನಿಲ್ಲಿಸಿತ್ತು. ಅವಳು ಅಳುತ್ತ ನಗುತ್ತಿದ್ದಳು. ಇಷ್ಟು ದಿನ ನನ್ನ ಕಿವಿಗೆ ತುರುಕುತ್ತಿದ್ದದ್ದು ಇದನ್ನು ಎಂದು ಆಗ ತಿಳಿಯಿತು. ಕರೆಂಟೂ ಹೋಗಲಿಲ್ಲ. ಅದೂ ಶಿವನ ದಯೆಯೇ.

ಇನ್ನೊಂದು ಮಗ್ಗುಲಿನ ಒಂದು ಹಾಡಿನಲ್ಲಿ ಮಾತ್ರ ಸೂಜಿ ಸುತ್ತು ಬಂದಾಗೊಮ್ಮೆ ಟಿಕ್, ಟಿಕ್ ಎಂದಿತು. ವಿಭೂತಿ ಅಲ್ಲೆಲ್ಲೋ ಉಳಿದಿತ್ತು.

“ಮತ್ತೊಮ್ಮೆ ತೊಳೀತೀನಿ ತಡಿ,” ಎಂದೆ.

ಮಗಳು ಕಣ್ಣೊರೆಸಿಕೊಂಡಳು. “ಇರಲಿ ಬಿಡವ್ವಾ. ಅಜ್ಜಿ ತಾಳಾ ಹಾಕಾಕತ್ತಾಳ.”

ಪ್ಲೇಟನ್ನು ಕಾಕಾರ ಹತ್ತಿರವೇ ಇಟ್ಟು, ಅವಳು ಲಿಂಗಸುಗೂರಿನ ಬಸ್ ಹತ್ತಿದಳು, ನಾನು ಸಿಂಧನೂರಿನದು. ಅತ್ತೆ ಹೊಸ್ತಿಲಲ್ಲೇ ಕಾಯುತ್ತಿದ್ದರು.

“ಹಾಡ್ತೇನವಾ?”

“ಹಾಡ್ತ್ರಿ ಅತ್ತೀ. ಏನು ಹಾಡ್ತಂತೀರಿ!”

“ಪೂಜಿ ಮಾಡಿದ್ದಕ್ಕ,” ಎಂದು ಒಳಗೆ ಹೋದರು.

ಮೊರ ಬಿಟ್ಟಲ್ಲೇ ಇತ್ತು. ಒಂದಿಷ್ಟು ಅಕ್ಕಿಯನ್ನು ಗುಬ್ಬಿಗಳು ತಿಂದಿದ್ದವು. ತಿನ್ನಲಿ. ಕೂತು ಉಳಿದ ಕಲ್ಲು ಆರಿಸತೊಡಗಿದೆ.